ಕಪ್ಪು ಕಾಂಡ, ಕೆಂಪು ಚಿಗುರು: ಬ್ಲೂ ಮೌಂಟನ್ಸ್‌ನ ಸುಟ್ಟ ಕಾಡಿನಲ್ಲಿ ಫೋಟೋ ನಡಿಗೆಗೊಂದು ಸಮಗ್ರ ಮಾರ್ಗದರ್ಶಿ

ಸಿಡ್ನಿಯ ಪಶ್ಚಿಮಕ್ಕಿರುವ ಬ್ಲೂ ಮೌಂಟನ್ಸ್ ಹೆಸರನ್ನು ಕನ್ನಡಕ್ಕೆ ತಂದರೆ ನೀಲಗಿರಿ. ಆ ಬೆಟ್ಟಗಳನ್ನು ತುಂಬಿರುವ ಯೂಕಲಿಪ್ಟಸ್ ಮರಕ್ಕೂ ನಮ್ಮೂರಿನಲ್ಲಿ ಅದೇ ಹೆಸರು. ನೀಲಗಿರಿ ತೋಪು ಕಡಿಸಿದ ರೈತರಿಗೆಲ್ಲ ಗೊತ್ತು: ಬುಡದವರೆಗೆ ಕಡಿದರೂ ಕೆಲವೇ ವಾರಗಳಲ್ಲಿ ಕೂಳೆ ಒಡೆಯುತ್ತದೆ. ಕೊಡಲಿಗೆ ಮಣಿಯದ ಆ ಮರ ಬೆಂಕಿಯ ನಂತರವೂ ಹಾಗೆಯೇ ಚಿಗುರುತ್ತದೆ. ಈ ನಡಿಗೆಯಲ್ಲಿ ಕ್ಯಾಮೆರಾಕ್ಕೆ ಸಿಗಬೇಕಾದದ್ದು ಆ ಚಿಗುರು.

2019ರ ಅಕ್ಟೋಬರ್ 26ರಂದು ವೊಲೆಮೈ ರಾಷ್ಟ್ರೀಯ ಉದ್ಯಾನದಲ್ಲಿ ಸಿಡಿಲಿನಿಂದ ಹೊತ್ತಿಕೊಂಡ ಗಾಸ್ಪರ್ಸ್ ಮೌಂಟನ್ ಬೆಂಕಿ 5 ಲಕ್ಷ ಹೆಕ್ಟೇರಿಗಿಂತ ಹೆಚ್ಚು ನೆಲವನ್ನು ಸುಟ್ಟು, 2020ರ ಫೆಬ್ರವರಿಯ ದೊಡ್ಡ ಮಳೆಗೆ ಆರಿತು. ಡಿಸೆಂಬರ್ ಮಧ್ಯದಲ್ಲಿ ಮೌಂಟ್ ವಿಲ್ಸನ್ ಬಳಿ ಅದನ್ನು ತಡೆಯಲೆಂದು ಹಚ್ಚಿದ ಎದುರುಬೆಂಕಿ ಕೈಮೀರಿ, ಬೆಲ್ಸ್ ಲೈನ್ ಆಫ್ ರೋಡ್ ಎಂಬ ಹೆದ್ದಾರಿ ದಾಟಿ ಗ್ರೋಸ್ ಕಣಿವೆಗೆ ಇಳಿಯಿತು. 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದ ಗ್ರೇಟರ್ ಬ್ಲೂ ಮೌಂಟನ್ಸ್ ಪ್ರದೇಶದ ಸುಮಾರು 80%ರಷ್ಟು ಆ ಒಂದೇ ಬೇಸಿಗೆಯಲ್ಲಿ ಬೆಂಕಿಗೆ ಸಿಕ್ಕಿತು. ಅಲ್ಲಿಂದೀಚೆಗೆ ಅಲ್ಲಲ್ಲಿ ಸಣ್ಣ ಬೆಂಕಿಗಳು ಬಿದ್ದಿವೆ, ಬೇಸಿಗೆಗೆ ಮುಂಚೆ ಉದ್ಯಾನ ಇಲಾಖೆಯೇ ಬೇಕೆಂದು ಸುಡುವ ತುಂಡುಗಳೂ ಇವೆ. ಹಾಗಾಗಿ ಒಂದೇ ದಿನದ ಓಡಾಟದಲ್ಲಿ ಬೇರೆಬೇರೆ ಕಾಲದಲ್ಲಿ ಸುಟ್ಟ ಕಾಡುಗಳು ಎದುರಾಗುತ್ತವೆ.

ಇಂಥ ಕಾಡಿನಲ್ಲಿ ಚಿತ್ರ ಕೆಡುವುದಕ್ಕೆ ಮುಖ್ಯ ಕಾರಣ ಕ್ಯಾಮೆರಾ ಅಲ್ಲ. ಬೆಂಕಿ ಬಿದ್ದು ಎಷ್ಟು ಕಾಲವಾಯಿತು ಎಂದು ಓದಲು ಬಾರದಿದ್ದರೆ ಎಲ್ಲ ಚಿತ್ರಗಳೂ ‘ಕಪ್ಪು ಮರ, ಹಸಿರು ಎಲೆ’ ಎಂಬ ಒಂದೇ ಚಿತ್ರವಾಗಿಬಿಡುತ್ತವೆ. ಆದ್ದರಿಂದ ಮೊದಲ ಪಾಠ ಗಿಡಗಳದ್ದು.

ಮೊದಲು ಕಾಡಿನ ವಯಸ್ಸು ಓದಿ

ಬೆಂಕಿಯಾದ ಮೊದಲ ಕೆಲವು ವಾರಗಳಲ್ಲಿ ನೆಲವೆಲ್ಲ ಬೂದಿ, ಇದ್ದಿಲು. ಎಲೆಗಳು ಉರಿದುಹೋಗದೆ ಕೇವಲ ಬೆಂದಿದ್ದರೆ ಅವು ಕಂದಾಗಿ ಉದುರಿ ಬೂದಿಯ ಮೇಲೆ ಹಾಸಿರುತ್ತವೆ. ಬೆಂಕಿ ಎಷ್ಟು ಬಿಸಿಯಾಗಿತ್ತು ಎನ್ನುವುದಕ್ಕೆ ಇದೇ ಮೊದಲ ಸುಳಿವು. ಕಂದು ಎಲೆ ಹಾಸಿದ್ದರೆ ಬೆಂಕಿ ನೆಲದ ಮಟ್ಟದಲ್ಲೇ ಹೋಗಿದೆ. ಬರೀ ಬೂದಿ, ತಲೆಯಲ್ಲೊಂದು ಎಲೆಯೂ ಇಲ್ಲವೆಂದರೆ ಮರದ ನೆತ್ತಿಯವರೆಗೆ ಏರಿದೆ. ಈ ಹೊತ್ತಿನಲ್ಲಿ ಮಳೆಯ ನಾಲ್ಕು ಹನಿ ಬಿದ್ದರೆ ನೆಲದ ಹತ್ತಿರ ಕೂತು ನೋಡಿ. ಸುಟ್ಟ ಎಲೆಗಳ ಮೇಣದಂಥ ಅಂಶ ಮಣ್ಣಿನ ಕಣಗಳಿಗೆ ಅಂಟಿರುವುದರಿಂದ ನೀರು ಇಂಗುವುದಿಲ್ಲ. ಕೆಸುವಿನ ಎಲೆಯ ಮೇಲಿನಂತೆ ಗುಂಡಗಾಗಿ ನಿಲ್ಲುತ್ತದೆ, ಮೈಗೆಲ್ಲ ಬೂದಿ ಬಳಿದುಕೊಂಡು ಉರುಳುತ್ತದೆ. ಮ್ಯಾಕ್ರೋ ಲೆನ್ಸ್ ಇದ್ದವರಿಗೆ ಇದೊಂದೇ ಅರ್ಧ ಗಂಟೆಯ ಕೆಲಸ.

ಒಂದರಿಂದ ಆರು ತಿಂಗಳಲ್ಲಿ ಕಾಂಡಗಳು ಒಡೆಯುತ್ತವೆ. ಯೂಕಲಿಪ್ಟಸ್ ತನ್ನ ತೊಗಟೆಯ ಆಳದಲ್ಲಿ ಚಿಗುರುವ ಶಕ್ತಿಯನ್ನು ಅಡಗಿಸಿಟ್ಟುಕೊಂಡಿರುತ್ತದೆ. ನೆತ್ತಿಯಲ್ಲಿ ಎಲೆಗಳಿರುವಷ್ಟು ಕಾಲ ಅಲ್ಲಿಂದ ಇಳಿಯುವ ಹಾರ್ಮೋನು ಅದನ್ನು ಮಲಗಿಸಿರುತ್ತದೆ. ನೆತ್ತಿ ಸುಟ್ಟರೆ ತಡೆ ತಪ್ಪಿತು, ಬುಡದಿಂದ ತುದಿಯವರೆಗೆ ಚಿಗುರು. ಹತ್ತಿರ ಹೋಗಿ ನೋಡಿದರೆ ಇದ್ದಿಲಾದ ತೊಗಟೆಯ ಒಂದು ಸೀಳಿನಲ್ಲಿ ಬೆರಳ ತುದಿಯಷ್ಟು ಕೆಂಪು ಗೊಂಚಲು ಕಾಣುತ್ತದೆ. ಹೊರಬರುವಾಗ ಅದು ಕರಿ ತೊಗಟೆಯ ಚಕ್ಕೆಯೊಂದನ್ನು ಎತ್ತಿ ಹಿಡಿದಿರುವುದೂ ಉಂಟು. ಎಳೆ ಎಲೆಯ ಕೆಂಪು ಬಿಸಿಲಿನಿಂದ ರಕ್ಷಣೆಗೆ. ಬಲಿತಂತೆ ಹಸಿರಿಗೋ ಬೂದಿ ನೀಲಿಗೋ ತಿರುಗುತ್ತದೆ. ಅಂದರೆ ಕೆಂಪಿನ ದಿನಗಳು ಕಡಿಮೆ. ಹುಲ್ಲುಮರವೂ ಇದೇ ಕಾಲದ್ದು. ಕರಿಕಂಬದಂಥ ಅದರ ಬುಡದ ಮೇಲೆ ಹಸಿರು ಎಲೆಗಳ ಜುಟ್ಟು ಬರುತ್ತದೆ, ನಡುವಿನಿಂದ ಆಳೆತ್ತರವನ್ನೂ ಮೀರುವ ಹೂದಂಡು ಏಳುತ್ತದೆ. ದಂಡಿನ ಉತ್ತರದ ಬದಿಗೆ ಬಿಸಿಲು ಹೆಚ್ಚು ಬೀಳುವುದರಿಂದ ಹೂಗಳು ಆ ಬದಿಯಲ್ಲೇ ಮೊದಲು ಅರಳುತ್ತವೆ. ಬೆಳಕಿನ ದಿಕ್ಕು ಲೆಕ್ಕ ಹಾಕುವಾಗ ಇದು ನೆನಪಿರಲಿ.

ಆರು ತಿಂಗಳಿಂದ ಎರಡು ವರ್ಷದವರೆಗಿನದು ಹೂವಿನ ಕಾಲ. ಬೆಂಕಿಯ ಹೊಗೆಯಲ್ಲಿರುವ ರಾಸಾಯನಿಕಗಳು ಕೆಲವು ಬೀಜಗಳನ್ನು ಎಬ್ಬಿಸುತ್ತವೆ. ಜಾಲಿಯ ಬಳಗದ ವಾಟಲ್ ಗಿಡಗಳ ಗಟ್ಟಿ ಬೀಜದ ಸಿಪ್ಪೆಯನ್ನು ಬಿಸಿಯೇ ಬಿರಿಸುತ್ತದೆ. ಗುಲಾಬಿ ಫ್ಲಾನಲ್ ಹೂವಂತೂ ಬೆಂಕಿ ಬಿದ್ದು, ಮೇಲೆ ಒಳ್ಳೆಯ ಮಳೆಯೂ ಆದರೆ ಮಾತ್ರ ಸುಮಾರು ಒಂದು ವರ್ಷದ ನಂತರ ನೆಲ ತುಂಬಿ ಅರಳುತ್ತದೆ. 2020–21ರ ಬೇಸಿಗೆಯಲ್ಲಿ ಇಲ್ಲಿನ ಕಟೂಂಬ ಊರಿನ ನ್ಯಾರೋ ನೆಕ್ ಏಣಿನ ಮೇಲೆ ಅದನ್ನು ನೋಡಲು ಜನ ಸಾಲುಗಟ್ಟಿದ್ದರು. ನ್ಯೂ ಸೌತ್ ವೇಲ್ಸ್ ರಾಜ್ಯದ ಲಾಂಛನ ಹೂ ವಾರಟಾ ನೆಲದಡಿಯ ಗಡ್ಡೆಯಿಂದ ಚಿಗುರಿ, ಎರಡನೇ ವರ್ಷದ ಹೊತ್ತಿಗೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಕೆಂಪಗೆ ಬಿಡುತ್ತದೆ.

ಇನ್ನು ವರ್ಷಗಳು ಕಳೆದ ಕಾಡು. 2019ರ ಬೆಂಕಿಯ ಜಾಗಗಳಲ್ಲಿ ಇಂದು ಕಾಣುವುದು ಇದೇ. ಕಾಂಡದ ಮೇಲಿನ ಚಿಗುರು ಈಗ ಕೈಯಷ್ಟು ದಪ್ಪದ ಕೊಂಬೆಯಾಗಿದೆ, ನೆಲದ ಮೇಲೆ ಎದೆಮಟ್ಟದ ಪೊದೆ, ಅದರ ನಡುವೆ ಅಲ್ಲಲ್ಲಿ ಬೆಳ್ಳಗೆ ಸೀಳಿದ ಸತ್ತ ಕೊರಡುಗಳು. ಬ್ಯಾಂಕ್ಸಿಯಾ ಗಿಡಗಳಲ್ಲಿ ಎರಡು ಬಗೆ ಗುರುತಿಸಲು ಕಲಿಯಿರಿ. ಗರಗಸದಂಚಿನ ಎಲೆಯ ಬ್ಯಾಂಕ್ಸಿಯಾ ಸೆರಾಟಾ ದಪ್ಪ ತೊಗಟೆಯಿಂದ ಬದುಕುಳಿದು ಮತ್ತೆ ಚಿಗುರಿರುತ್ತದೆ. ಸಣ್ಣ ಸೂಜಿಯಂಥ ಎಲೆಯ ಬ್ಯಾಂಕ್ಸಿಯಾ ಎರಿಸಿಫೋಲಿಯಾ ಬೆಂಕಿಗೆ ಸತ್ತೇಹೋಗುತ್ತದೆ, ಬೀಜ ಮಾತ್ರ ಉಳಿಸುತ್ತದೆ. ಸತ್ತ ತಾಯಿಯ ಕಪ್ಪು ಅಸ್ಥಿಪಂಜರ, ಅದರ ಬುಡದ ಸುತ್ತ ಒಂದೇ ಎತ್ತರದ ಮಕ್ಕಳು: ಬೆಂಕಿಯ ಇಡೀ ಕಥೆ ಒಂದೇ ಚೌಕಟ್ಟಿನಲ್ಲಿ ಸಿಗುವ ಜಾಗ ಇದು. ಆ ಮಕ್ಕಳು ಹೂಬಿಟ್ಟು ಬೀಜ ಕಟ್ಟಲು ಹಲವು ವರ್ಷ ಬೇಕು. ಅಷ್ಟರೊಳಗೆ ಮತ್ತೆ ಬೆಂಕಿ ಬಿದ್ದರೆ ಆ ಜಾಗದಿಂದ ಆ ಗಿಡವೇ ಮರೆಯಾಗುತ್ತದೆ. ಅಂಥ ಗಿಡವನ್ನು ಚಿತ್ರಿಸುವಾಗ ಅಲಂಕಾರಕ್ಕಿಂತ ಎಚ್ಚರ ಮುಖ್ಯ.

ಎಲ್ಲಿಗೆ, ಯಾವ ಹೊತ್ತಿಗೆ

ಕಾರಿಲ್ಲದವರಿಗೆ ಬ್ಲ್ಯಾಕ್‌ಹೀತ್. ಸಿಡ್ನಿಯ ಸೆಂಟ್ರಲ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು 2 ಗಂಟೆ, ಇಳಿದು ಗೋವೆಟ್ಸ್ ಲೀಪ್ ನೋಟಕಟ್ಟೆಗೆ 3 ಕಿ.ಮೀ. ಆಸುಪಾಸಿನ ನಡಿಗೆ. ಅಲ್ಲಿಂದ ಇವಾನ್ಸ್ ಲುಕೌಟ್‌ವರೆಗೆ ಕಡಿಬಂಡೆಯ ಅಂಚಿನಲ್ಲಿ ಸಾಗುವ ಕ್ಲಿಫ್ ಟಾಪ್ ದಾರಿ ಒಂದು ಬದಿಗೆ ಸುಮಾರು 3 ಕಿ.ಮೀ. ಫೋಟೋ ತೆಗೆಯುತ್ತ ಹೋದರೆ ಹೋಗಿಬರಲು 4 ಗಂಟೆ ಇಟ್ಟುಕೊಳ್ಳಿ. ಊರಿಂದ ಬಂದ ಅಪ್ಪ ಅಮ್ಮನನ್ನು ಕಟೂಂಬದ ತ್ರೀ ಸಿಸ್ಟರ್ಸ್ ಬಂಡೆಗಳನ್ನು ನೋಡಲು ಕರೆದೊಯ್ಯುವ ಸಿಡ್ನಿ ಕನ್ನಡಿಗರು ಇನ್ನೊಂದಿಷ್ಟು ಮುಂದೆ ಹೋದರೆ ಈ ಗ್ರೋಸ್ ಕಣಿವೆ ಸಿಗುತ್ತದೆ. ಗೋವೆಟ್ಸ್ ಲೀಪ್ ಕಟ್ಟೆಯ ಹತ್ತಿರಕ್ಕೇ ಕಾರು ಹೋಗುವುದರಿಂದ ಹಿರಿಯರಿಗೂ ಕಷ್ಟವಿಲ್ಲ.

ಕಾರಿದ್ದವರಿಗೆ ನಮ್ಮ ಆಯ್ಕೆ ಮೌಂಟ್ ಬ್ಯಾಂಕ್ಸ್. ಬೆಲ್ಸ್ ಲೈನ್ ಆಫ್ ರೋಡ್‌ನಿಂದ ಡಾಂಬರಿಲ್ಲದ ಸಣ್ಣ ರಸ್ತೆಯಲ್ಲಿ ಒಳಗೆ ಹೋದರೆ ಪಿಕ್ನಿಕ್ ಜಾಗ, ಅಲ್ಲಿಂದ ಕಾಲುದಾರಿ. 1804ರಲ್ಲಿ ಇಲ್ಲಿಗೆ ಬಂದ ಸಸ್ಯಸಂಗ್ರಾಹಕ ಜಾರ್ಜ್ ಕೇಲಿ ಬೆಟ್ಟಕ್ಕೆ ಇಟ್ಟದ್ದು ಜೋಸೆಫ್ ಬ್ಯಾಂಕ್ಸ್ ಹೆಸರನ್ನು. ಬ್ಯಾಂಕ್ಸಿಯಾ ಗಿಡದ ಹೆಸರೂ ಅವರದೇ. ಕೆಳಗೆ ಮರಳುಗಲ್ಲು, ಕುರುಚಲು. ನೆತ್ತಿಯಲ್ಲಿ ಬಸಾಲ್ಟ್ ಬಂಡೆಯ ಫಲವತ್ತಾದ ಮಣ್ಣು, ಎತ್ತರದ ಮರಗಳು. ಮಣ್ಣು ಬದಲಾದರೆ ಬೆಂಕಿಯ ನಂತರದ ಚಿಗುರೂ ಹೇಗೆ ಬದಲಾಗುತ್ತದೆ ಎನ್ನುವುದು ಇಲ್ಲಿ ಅರ್ಧ ದಿನದಲ್ಲಿ ಕಣ್ಣಿಗೆ ಬೀಳುತ್ತದೆ. ನೆತ್ತಿಯಲ್ಲಿ ಮರಗಳು ನೋಟವನ್ನು ಮುಚ್ಚುತ್ತವೆ. ಕಣಿವೆಯ ವಿಶಾಲ ಚಿತ್ರಗಳನ್ನು ಕೆಳಗಿನ ಬಯಲು ಏಣಿನಲ್ಲೇ ಮುಗಿಸಿಕೊಳ್ಳಿ.

ಭಾರತದಲ್ಲಿ ಕಲಿತ ಬೆಳಕಿನ ಲೆಕ್ಕ ಇಲ್ಲಿ ತಿರುಗುಮುರುಗು. ನಡುಹಗಲಿನ ಸೂರ್ಯ ಉತ್ತರದಲ್ಲಿರುತ್ತಾನೆ. ಉತ್ತರಕ್ಕೆ ಮುಖ ಮಾಡಿ ನಿಂತರೆ ಬಲದಿಂದ ಎಡಕ್ಕೆ ಸಾಗುತ್ತಾನೆ. ಉತ್ತರ, ಪಶ್ಚಿಮದ ಇಳಿಜಾರುಗಳು ಒಣಗಿ ಹೆಚ್ಚು ಸುಟ್ಟಿರುತ್ತವೆ. ದಕ್ಷಿಣಕ್ಕೆ ಮುಖವಾದ ಕೊರಕಲುಗಳು ತೇವವಾಗಿದ್ದು ಎಷ್ಟೋ ಕಡೆ ಉಳಿದುಕೊಂಡಿರುತ್ತವೆ. ಸುಟ್ಟ ಏಣು, ಹಸಿರು ಕೊರಕಲು ಎರಡೂ ಸೇರುವ ಗೆರೆಯನ್ನು ಹುಡುಕಬೇಕಾದದ್ದು ಇಲ್ಲೇ.

ಗೋವೆಟ್ಸ್ ಲೀಪ್‌ನಿಂದ ನೋಟ ಪೂರ್ವದ ಕಡೆಗೆ. ಬೆಳಿಗ್ಗೆ ಎದುರು ಬೆಳಕು: ಕಣಿವೆಯ ಮಂಜು, ಒಂದರ ಹಿಂದೊಂದು ನೀಲಿ ಪದರ. ಸಂಜೆ ಸೂರ್ಯ ನಿಮ್ಮ ಬೆನ್ನಿಗೆ, ಆಚೆ ಕಡಿಬಂಡೆಗಳು ಹೊಂಬಣ್ಣಕ್ಕೆ ತಿರುಗುತ್ತವೆ. ಡಿಸೆಂಬರ್‌ನಲ್ಲಿ ಸೂರ್ಯೋದಯ 5:40ರ ಸುಮಾರಿಗೆ, ಅಸ್ತ 8 ದಾಟಿ. ಜೂನ್‌ನಲ್ಲಿ 7ಕ್ಕೆ ಹುಟ್ಟಿ 5ಕ್ಕೆ ಮುಳುಗುತ್ತದೆ. ಕಾಡಿನೊಳಗಿನ ಕಾಂಡ, ಚಿಗುರಿನ ಕೆಲಸಕ್ಕೆ ಮಾತ್ರ ಮೋಡ ಕವಿದ ದಿನವೇ ಬೇಕು. ನಡುಹಗಲ ಬಿಸಿಲಿನಲ್ಲಿ ಕಪ್ಪು ತೊಗಟೆಯೂ ಹೊಳೆವ ಎಲೆಯೂ ಒಟ್ಟಿಗೆ ಹಿಡಿತಕ್ಕೆ ಬರುವುದಿಲ್ಲ.

ಹಿಂದಿನ ದಿನ

ರಾಷ್ಟ್ರೀಯ ಉದ್ಯಾನ ಇಲಾಖೆಯ ಜಾಲತಾಣದಲ್ಲಿ ದಾರಿ ತೆರೆದಿದೆಯೇ ನೋಡಿ. ಸುಟ್ಟ ಇಳಿಜಾರಿನಲ್ಲಿ ಬೇರಿನ ಹಿಡಿತ ಸಡಿಲವಾಗಿರುತ್ತದೆ. ದೊಡ್ಡ ಮಳೆಗೆ ಮಣ್ಣು, ಬಂಡೆ ಜಾರಿ ದಾರಿ ಮುಚ್ಚುವುದು ಇಲ್ಲಿ ಸಾಮಾನ್ಯ. ಮುಚ್ಚಿದ ದಾರಿಯ ಬೇಲಿ ದಾಟಬೇಡಿ. ಒಳಗಿರುವುದು ಅಪಾಯ ಮಾತ್ರವಲ್ಲ, ಆಗಷ್ಟೇ ಮೊಳೆತ ಸಸಿಗಳು ಕೂಡ.

ನಂತರ ಬೆಂಕಿಯ ಮುನ್ಸೂಚನೆ. 2022ರ ಸೆಪ್ಟೆಂಬರ್‌ನಿಂದ ಆಸ್ಟ್ರೇಲಿಯಾದಲ್ಲಿ ನಾಲ್ಕು ಮಟ್ಟ: ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕೆಟಸ್ಟ್ರಾಫಿಕ್. ಕೊನೆಯ ಎರಡಿದ್ದರೆ ಮನೆಯಲ್ಲೇ ಇರಿ. ‘ಹಜಾರ್ಡ್ಸ್ ನಿಯರ್ ಮಿ’ ಆ್ಯಪ್ ಫೋನಿನಲ್ಲಿರಲಿ. ಗಾಳಿ ಗಂಟೆಗೆ 40 ಕಿ.ಮೀ. ಮೀರುವ ದಿನವೂ ಸುಟ್ಟ ಕಾಡಿಗೆ ಹೋಗಬಾರದು. ಕಾರಣ ಮುಂದೆ ಇದೆ.

ಕಡಿಬಂಡೆಯ ಕೆಳಗೆ ಫೋನಿಗೆ ಸಿಗ್ನಲ್ ಸಿಗದು. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಮನೆಯವರಿಗೆ ಬರೆದಿಡಿ. ಉಪಗ್ರಹಕ್ಕೆ ಸಂಕೇತ ಕಳಿಸುವ ಪಿಎಲ್‌ಬಿ ಸಾಧನವನ್ನು ಬ್ಲೂ ಮೌಂಟನ್ಸ್‌ನಲ್ಲಿ ಪೊಲೀಸರು, ಉದ್ಯಾನ ಇಲಾಖೆ ಉಚಿತವಾಗಿ ಎರವಲು ಕೊಡುವ ವ್ಯವಸ್ಥೆ ಇದೆ, ಮೊದಲೇ ಕೇಳಿಕೊಳ್ಳಿ. ತುರ್ತು ಸಂಖ್ಯೆ 000.

ಚೀಲದಲ್ಲಿ

ಎರಡು ಲೆನ್ಸ್ ಸಾಕು: 24–70 ಮಿ.ಮೀ. ಒಂದು, 70–200 ಮಿ.ಮೀ. ಇನ್ನೊಂದು. ಕಣಿವೆಯ ಪದರಗಳನ್ನು ಒತ್ತಿ ಹತ್ತಿರ ತರುವುದು ಎರಡನೆಯದು. ಅತಿ ಅಗಲದ ಲೆನ್ಸಿನಲ್ಲಿ ಕಡಿಬಂಡೆಗಳು ಗೆರೆಯಂತಾಗಿಬಿಡುತ್ತವೆ. ಚಿಗುರಿಗೆ ಮ್ಯಾಕ್ರೋ ಅಥವಾ ಕ್ಲೋಸ್‌ಅಪ್ ಫಿಲ್ಟರ್. ಜೊತೆಗೆ ಪೋಲರೈಸರ್, ರಿಮೋಟ್, ಗಾಳಿ ಊದುವ ರಬ್ಬರ್ ಬ್ಲೋವರ್, ಮೆತ್ತನೆ ಬ್ರಷ್, ಎರಡು ಲೆನ್ಸ್ ಬಟ್ಟೆ (ಒಂದು ಕರಿ ಹತ್ತಿದರೆ ಮುಗಿಯಿತು, ಮತ್ತೆ ಅದನ್ನು ಗಾಜಿಗೆ ತಾಗಿಸಬಾರದು), ನೆಲದ ಮೇಲೆ ಹಾಸಲು ಒಂದು ಪ್ಲಾಸ್ಟಿಕ್ ಹಾಳೆ.

ತಲೆಗೆ 3 ಲೀಟರ್ ನೀರು. ಸುಟ್ಟ ಕಾಡಿನಲ್ಲಿ ನೆರಳಿಲ್ಲ, ಕಪ್ಪು ನೆಲ ಶಾಖ ಹಿಡಿದಿರುತ್ತದೆ. ಉದ್ದ ಪ್ಯಾಂಟು, ಮೊಣಕಾಲ ಕೆಳಗೆ ಗೇಟರ್ ಎಂಬ ದಪ್ಪ ಬಟ್ಟೆಯ ಹೊದಿಕೆ, ದಪ್ಪ ಅಟ್ಟೆಯ ಬೂಟು. ಹಾವುಕಡಿತಕ್ಕೆ 10 ಸೆ.ಮೀ. ಅಥವಾ ಹೆಚ್ಚು ಅಗಲದ ಎಲಾಸ್ಟಿಕ್ ಬ್ಯಾಂಡೇಜ್ ಎರಡು. ಆಸ್ಟ್ರೇಲಿಯಾದ ಹಾವು ಕಡಿದರೆ ಗಾಯ ತೊಳೆಯಬಾರದು, ಕುಯ್ಯಬಾರದು. ಕಡಿದ ಜಾಗದ ಮೇಲೆ ಬಿಗಿಯಾಗಿ ಸುತ್ತಿ, ಇಡೀ ಕಾಲಿಗೋ ಕೈಗೋ ಪಟ್ಟಿ ಮುಂದುವರಿಸಿ, ಕೋಲು ಕಟ್ಟಿ ಅಲುಗದಂತೆ ಮಾಡಿ, ಕೂತಲ್ಲೇ ಕೂತು 000ಕ್ಕೆ ಕರೆ ಮಾಡಬೇಕು.

ಕಾಲು ಎಲ್ಲಿಡಬೇಕು

ದಾರಿಗೆ ಕಾಲಿಡುವ ಮುನ್ನ ಮತ್ತು ಬಿಡುವಾಗ ಬೂಟಿನ ಅಟ್ಟೆಯ ಮಣ್ಣನ್ನು ಬ್ರಷ್‌ನಿಂದ ಪೂರ್ತಿ ತೆಗೆದು 70% ಮೆಥಿಲೇಟೆಡ್ ಸ್ಪಿರಿಟ್ ಸಿಂಪಡಿಸಿ. ಟ್ರೈಪಾಡ್ ಕಾಲುಗಳ ತುದಿಗೂ ಇದೇ ಉಪಚಾರ. ಫೈಟಾಫ್ಥೊರಾ ಎಂಬ ಬೇರುಕೊಳೆ ರೋಗ ಅಂಟಿದ ಮಣ್ಣಿನ ಜೊತೆ ಹರಡುತ್ತದೆ. ನಮ್ಮ ಅಡಿಕೆಗೆ ಕೊಳೆರೋಗ ತರುವುದೂ ಇದೇ ಕುಲದ ಜೀವಿ. ಮಲೆನಾಡಿನವರಿಗೆ ಇದರ ಕಾಟವನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಅದು ಬ್ಯಾಂಕ್ಸಿಯಾ, ವಾರಟಾ, ಹುಲ್ಲುಮರಗಳನ್ನು ಕೊಲ್ಲುತ್ತದೆ. ಬೆಂಕಿಯಿಂದ ಬದುಕಿದ ಗಿಡ ನಮ್ಮ ಬೂಟಿನಿಂದ ಸಾಯಬಾರದು.

ಹೊಸದಾಗಿ ಸುಟ್ಟ ಜಾಗದಲ್ಲಿ ದೊಡ್ಡ ಅಪಾಯ ಬುಡದ ಗುಂಡಿ. ಮರದ ಬೇರು ನೆಲದೊಳಗೇ ಉರಿದು ಹೋಗಿ ಟೊಳ್ಳು ಉಳಿಯುತ್ತದೆ. ಮೇಲೆ ತೆಳ್ಳಗೆ ಬೂದಿ, ಮಣ್ಣು ಮುಚ್ಚಿರುತ್ತದೆ. ನೋಡಲು ಸಮತಟ್ಟು, ಕಾಲಿಟ್ಟರೆ ಮೊಣಕಾಲವರೆಗೆ ಕುಸಿತ. ಬೆಂಕಿ ಆರಿ ವಾರಗಳಾದರೂ ಒಳಗೆ ಕೆಂಡ ಇರಬಹುದು. ಬೂದಿ ಬಿಳಿಯಾಗಿಯೋ ಕಿತ್ತಳೆ ಮಣ್ಣಿನ ಉಂಗುರದಂತೆಯೋ ಕಂಡಲ್ಲಿ ಕಾಲಿಡಬೇಡಿ. ಟ್ರೈಪಾಡ್ ನಿಲ್ಲಿಸುವ ಮುಂಚೆ ಕೋಲಿನಿಂದ ನೆಲ ಚುಚ್ಚಿ ನೋಡಿ.

ಇನ್ನೊಂದು ಅಪಾಯ ತಲೆಯ ಮೇಲಿನದು. ಬುಡ ಒಂದು ಬದಿಗೆ ತಿಂದುಹೋದ ಮರ, ನೆತ್ತಿಯಲ್ಲಿ ಸಿಕ್ಕಿಕೊಂಡ ಕೊಂಬೆ ವರ್ಷಗಳ ನಂತರವೂ ಬೀಳುತ್ತವೆ, ಗಾಳಿಯಿಲ್ಲದೆಯೂ ಬೀಳುತ್ತವೆ. ನಿಲ್ಲುವ ಪ್ರತಿ ಜಾಗದಲ್ಲೂ ಮೊದಲು ಮೇಲೆ ನೋಡಿ, ಆಮೇಲೆ ಚೀಲ ಇಳಿಸಿ. ಸತ್ತ ಕೊರಡಿನ ಎತ್ತರದ ಒಂದೂವರೆ ಪಟ್ಟು ದೂರ ನಿಂತು 70–200ರಲ್ಲಿ ತೆಗೆಯುವುದು ಕ್ಷೇಮ.

ದಾರಿ ಬಿಟ್ಟು ಒಳಗೆ ಹೋಗಬೇಡಿ, ವಿಶೇಷವಾಗಿ ಕಡಿಬಂಡೆಗೆ ಅಂಟಿದಂತಿರುವ ಜವುಗು ಹುಲ್ಲಿನ ಜಾಗಗಳಿಗೆ. ಮರಳುಗಲ್ಲಿನಿಂದ ನೀರು ಜಿನುಗುವ ಈ ತೂಗು ಜೌಗುಗಳು ಬ್ಲೂ ಮೌಂಟನ್ಸ್ ವಾಟರ್ ಸ್ಕಿಂಕ್ ಎಂಬ, ಅಳಿವಿನಂಚಿನಲ್ಲಿರುವ ಅರಣೆಯ ಮನೆ. ಬೆಂಕಿ ಹೊದಿಕೆ ತೆಗೆದ ಮೇಲೆ ಒಂದು ಹೆಜ್ಜೆಯ ಗುರುತೂ ನೀರಿನ ಕಾಲುವೆಯಾಗಿ ಕೊರೆಯುತ್ತದೆ.

ಚೌಕಟ್ಟುಗಳು, ಸಾಗುವ ಕ್ರಮದಲ್ಲಿ

1. ಮೊದಲ ಹದಿನೈದು ನಿಮಿಷ ಕ್ಯಾಮೆರಾ ಚೀಲದಲ್ಲೇ ಇರಲಿ. ಕಾಂಡದ ಕಪ್ಪು ಎಷ್ಟು ಎತ್ತರಕ್ಕೆ ಏರಿದೆ, ಯಾವ ಬದಿಗೆ ಹೆಚ್ಚು ಏರಿದೆ ಎಂದು ನೋಡಿ. ಗಾಳಿಯ ಮರೆಯಲ್ಲಿದ್ದ ಬದಿಗೆ ಜ್ವಾಲೆ ಸುತ್ತಿಕೊಂಡು ಎತ್ತರಕ್ಕೆ ಏರುವುದರಿಂದ ಬೆಂಕಿ ಬಂದ ದಿಕ್ಕು ಅಂದಾಜಿಗೆ ಸಿಗುತ್ತದೆ. ಎಲ್ಲ ಕಾಂಡಗಳೂ ಒಂದೇ ಬದಿಗೆ ಕಪ್ಪಾಗಿದ್ದರೆ ನಿಮ್ಮ ಮೊದಲ ಚಿತ್ರ ಅದೇ: ಬೆಂಕಿ ಸಾಗಿದ ದಾರಿ.

2. ಅಗಲದ ನೋಟ. ಏಣಿನ ಅಂಚಿನಿಂದ 70–135 ಮಿ.ಮೀ.ನಲ್ಲಿ ಕಣಿವೆಯ ಇಳಿಜಾರನ್ನು ತುಂಬಿಸಿ, ಆಕಾಶ ಬಿಡಿ. ಎಫ್ 8 (ಲೆನ್ಸಿನ ಬಾಯಿಯ ಅಳತೆ), ಐಎಸ್‌ಒ 100 (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ), ಟ್ರೈಪಾಡ್. ಸತ್ತ ಕೊರಡುಗಳ ಬೂದು ಗೆರೆಗಳು ಹಸಿರಿನ ಮೇಲೆ ಬಾಚಣಿಗೆಯಂತೆ ನಿಲ್ಲುವ ಕೋನ ಹುಡುಕಿ.

3. ಮುಂದೆ ಒಂದು ಬ್ಯಾಂಕ್ಸಿಯಾ, ಹಿಂದೆ ಕಡಿಬಂಡೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 24 ಮಿ.ಮೀ., ಎಫ್ 11 ಇಟ್ಟು 1.75 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಸುಮಾರು 0.9 ಮೀಟರಿನಿಂದ ಕೊನೆಯವರೆಗೆ ಸ್ಪಷ್ಟ. 35 ಮಿ.ಮೀ. ಆದರೆ 3.7 ಮೀಟರಿಗೆ ಫೋಕಸ್, 1.9 ಮೀಟರಿನಿಂದಾಚೆ ಸ್ಪಷ್ಟ. ಗಿಡ ಇದಕ್ಕಿಂತ ಹತ್ತಿರವಿದ್ದರೆ ಎರಡು ಮೂರು ಫೋಕಸ್‌ನಲ್ಲಿ ತೆಗೆದು ಆಮೇಲೆ ಕೂಡಿಸಿ. ಎಫ್ 16 ದಾಟಬೇಡಿ: ಸ್ಪಷ್ಟತೆಯೂ ಕುಗ್ಗುತ್ತದೆ, ಸೆನ್ಸರ್ ಮೇಲಿನ ಪ್ರತಿ ಬೂದಿಯ ಕಣವೂ ಆಕಾಶದಲ್ಲಿ ಚುಕ್ಕೆಯಾಗುತ್ತದೆ.

4. ಒಂದೇ ಕಾಂಡ. 50–85 ಮಿ.ಮೀ., ಎದೆಮಟ್ಟದಿಂದ, ಕ್ಯಾಮೆರಾ ನೆಟ್ಟಗೆ. ತಲೆಯೆತ್ತಿ ಮೇಲಕ್ಕೆ ತೆಗೆದರೆ ಕಾಂಡ ಹಿಂದಕ್ಕೆ ಬಿದ್ದಂತೆ ಕಾಣುತ್ತದೆ, ಚಿಗುರು ಆಕಾಶದ ಬಿಳಿಗೆ ಕರಗುತ್ತದೆ. ಹಿಂದೆ ನೆರಳಿನ ಕೊರಕಲು ಬರುವಂತೆ ಅಕ್ಕಪಕ್ಕ ಒಂದೆರಡು ಹೆಜ್ಜೆ ಸರಿದು ನೋಡಿ.

5. ಹತ್ತಿರದ ನೋಟ. ಬ್ಯಾಂಕ್ಸಿಯಾ ಕಾಯಿಗೆ ಅರ್ಧ ಗಂಟೆ ಕೊಡಿ. ಕೈಗಾತ್ರದ, ರೋಮ ಸುಟ್ಟ ಮರದ ಗಡ್ಡೆ; ಅದರ ಮೈಮೇಲೆ ಅರೆತೆರೆದ ತುಟಿಗಳಂಥ ಜೋಡಿ ಕವಾಟಗಳು. ಬೆಂಕಿಯ ಬಿಸಿಗೆ ಅಂಟು ಕರಗಿ ಅವು ಬಾಯಿ ಬಿಟ್ಟು, ತೆಳು ರೆಕ್ಕೆಯ ಕಪ್ಪು ಬೀಜವನ್ನು ಹೊರಗೆ ಬಿಟ್ಟಿವೆ. ತುಟಿಯ ಹೊರಗೆ ಇದ್ದಿಲು, ಒಳಗೆ ಕಂದು ಮಖಮಲ್ಲಿನಂಥ ಹೊಳಪು. ಪಕ್ಕದಿಂದ ಬರುವ ಮೆತ್ತನೆ ಬೆಳಕಿನಲ್ಲಿ ಮಾತ್ರ ಇವೆರಡೂ ಬೇರೆಯಾಗಿ ಕಾಣುತ್ತವೆ. ಎಫ್ 8, ಗಾಳಿಯಿದ್ದರೆ 1/125 ಸೆಕೆಂಡ್, ಐಎಸ್‌ಒ 400. ಕಾಯಿಯನ್ನು ಮುರಿದು ಬೇಕಾದೆಡೆ ಇಟ್ಟು ತೆಗೆಯುವುದು ಬೇಡ. ಎಲ್ಲ ಕವಾಟಗಳೂ ತೆರೆದಿರುವುದಿಲ್ಲ, ಒಳಗೆ ಇನ್ನೂ ಬೀಜವಿರಬಹುದು.

ಕ್ಯಾಮೆರಾ ಎಡವುವ ಕಡೆಗಳು

ಕಪ್ಪು ಕಾಂಡ ಚೌಕಟ್ಟು ತುಂಬಿದರೆ ಕ್ಯಾಮೆರಾದ ಮೀಟರ್ ಅದನ್ನು ಬೂದು ಮಾಡಲು ಹೊರಟು ಬೆಳಕು ಹೆಚ್ಚು ಒಳಬಿಡುತ್ತದೆ. ಫಲ: ಇದ್ದಿಲು ಸಿಮೆಂಟಿನಂತೆ, ಚಿಗುರು ಬಣ್ಣಗೆಟ್ಟು. ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಮೈನಸ್ 0.7ರಿಂದ ಮೈನಸ್ 1.3ರವರೆಗೆ ಇಳಿಸಿ. ಬೆಳಕಿನ ಹಂಚಿಕೆ ತೋರಿಸುವ ಗ್ರಾಫ್, ಅಂದರೆ ಹಿಸ್ಟೋಗ್ರಾಂ ನೋಡುವಾಗ ಮೂರು ಬಣ್ಣಗಳನ್ನೂ ಬೇರೆಬೇರೆ ತೋರಿಸುವುದನ್ನೇ ನೋಡಿ. ಕೆಂಪು ಚಿಗುರಿನಲ್ಲಿ ಕೆಂಪಿನ ಗೆರೆಯೊಂದೇ ಬಲತುದಿಗೆ ಬಡಿದಿರುತ್ತದೆ, ಒಟ್ಟು ಗ್ರಾಫ್ ಮಾತ್ರ ‘ಎಲ್ಲ ಸರಿ’ ಎನ್ನುತ್ತಿರುತ್ತದೆ. ರಾ ಫೈಲ್‌ನಲ್ಲೇ ತೆಗೆಯಿರಿ.

ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡಬೇಡಿ. ನೀಲಗಿರಿಯ ಮರಗಳಿಂದ ಏಳುವ ಎಣ್ಣೆಯ ಆವಿ, ಗಾಳಿಯ ಕಣಗಳು ಬೆಳಕನ್ನು ಚದುರಿಸಿಯೇ ಈ ಬೆಟ್ಟಗಳಿಗೆ ನೀಲಿ ಬಂದದ್ದು ಎನ್ನುತ್ತಾರೆ. ಆಟೋ ಮೊದಲು ಅಳಿಸುವುದು ಆ ನೀಲಿಯನ್ನೇ. 5200–5500 ಕೆಲ್ವಿನ್‌ನಲ್ಲಿ ನಿಲ್ಲಿಸಿ.

ಪೋಲರೈಸರ್ ಎಲೆಯ ಬಿಳಿಹೊಳಪು ತೆಗೆದು ಬಣ್ಣ ತೋರಿಸುತ್ತದೆ. ಆದರೆ ಮಳೆಯಲ್ಲಿ ನೆನೆದ ಇದ್ದಿಲಿನ ಅಂದವೇ ಅದರ ಮಿನುಗು. ಪೂರ್ತಿ ತಿರುಗಿಸಿದರೆ ಕಾಂಡ ಕಪ್ಪು ತೂತಾಗುತ್ತದೆ. ಅರ್ಧಕ್ಕೆ ನಿಲ್ಲಿಸಿ, ಎಲೆ ಮತ್ತು ಇದ್ದಿಲು ಎರಡರ ಮೇಲೂ ಕಣ್ಣಿಟ್ಟು ತಿರುಗಿಸಿ.

ಲೆನ್ಸ್ ಬದಲಿಸುವುದಾದರೆ ಗಾಳಿಗೆ ಬೆನ್ನು ಹಾಕಿ, ಕ್ಯಾಮೆರಾದ ಬಾಯಿ ನೆಲಕ್ಕೆ ಮಾಡಿ, ಚೀಲದೊಳಗೇ ಬದಲಿಸಿ. ಗಾಜಿನ ಮೇಲೆ ಬೂದಿ ಕೂತರೆ ಒರೆಸಬಾರದು: ಅದರಲ್ಲಿ ಮರಳಿನ ಕಣವೂ ಇರುತ್ತದೆ, ಒರೆಸಿದರೆ ಗೀರು. ಮೊದಲು ಬ್ಲೋವರ್, ಆಮೇಲೆ ಬ್ರಷ್, ಕೊನೆಗೆ ಬೇಕಿದ್ದರೆ ಮಾತ್ರ ತೇವದ ಬಟ್ಟೆ. ಟ್ರೈಪಾಡಿನ ಕೊನೆಯ ಸಣ್ಣ ಕೊಳವೆ ಎಳೆಯದಿದ್ದರೆ ಬೂದಿ ಬೀಗದೊಳಗೆ ಸೇರುವುದು ತಪ್ಪುತ್ತದೆ.

ಡ್ರೋನ್ ಹಾರಿಸಲು ಉದ್ಯಾನದ ಅನುಮತಿ ಬೇಕು, ಹಣಕ್ಕಾಗಿ ತೆಗೆಯುವ ಚಿತ್ರಗಳಿಗೂ ಬೇಕು. ಸುಟ್ಟ ಮನೆಗಳ ಜಾಗ ಕಂಡರೆ ಕ್ಯಾಮೆರಾ ಇಳಿಸಿ ಮುಂದೆ ನಡೆಯಿರಿ.

ಮತ್ತೆ ಅದೇ ಜಾಗಕ್ಕೆ

ಒಂದು ದಿನದ ಚೆಲುವಾದ ಚಿತ್ರಕ್ಕಿಂತ ಒಂದೇ ಜಾಗದ ಐದು ವರ್ಷದ ಸಾಧಾರಣ ಚಿತ್ರಗಳು ಹೆಚ್ಚು ಹೇಳುತ್ತವೆ. ಪ್ರತಿ ನಡಿಗೆಯಲ್ಲಿ ಕೊನೆಯ ಅರ್ಧ ಗಂಟೆ ಇದಕ್ಕೆ ಮೀಸಲಿಡಿ.

ನಿಲ್ಲುವ ಜಾಗಕ್ಕೆ ಅಲುಗದ ಗುರುತು ಬೇಕು: ಕಂಬಿಯ ಮೂಲೆ, ಫಲಕದ ಕಂಬ, ಬಂಡೆಯ ತುದಿ. ಗೂಟ ನೆಡಬೇಡಿ, ಬಣ್ಣ ಬಳಿಯಬೇಡಿ. ಕ್ಯಾಮೆರಾದ ಎತ್ತರ 150 ಸೆ.ಮೀ., ಲೆನ್ಸ್ 35 ಮಿ.ಮೀ. ಎಂದು ಒಮ್ಮೆ ನಿಶ್ಚಯಿಸಿದರೆ ಬದಲಿಸಬಾರದು. ಫೋನಿನ ದಿಕ್ಸೂಚಿಯಲ್ಲಿ ಕೋನ ಬರೆದುಕೊಳ್ಳಿ. ಜಿಪಿಎಸ್ ಕೆಲವು ಮೀಟರ್ ತಪ್ಪುತ್ತದೆ. ಹಾಗಾಗಿ ಹತ್ತಿರದ ಒಂದು ಕಾಂಡವನ್ನು ದೂರದ ಕಡಿಬಂಡೆಯ ಒಂದು ಕಚ್ಚಿಗೆ ಸರಿಯಾಗಿ ಹೊಂದಿಸಿ ನಿಲ್ಲಿ. ಮುಂದಿನ ಸಲ ಅವೆರಡೂ ಮತ್ತೆ ಒಂದೇ ಗೆರೆಗೆ ಬಂದರೆ ನೀವು ಅದೇ ಜಾಗದಲ್ಲಿದ್ದೀರಿ ಎಂದರ್ಥ. ಕಾಂಡ ಬಿದ್ದುಹೋಗಬಹುದಾದ್ದರಿಂದ ಇಂಥ ಎರಡು ಜೋಡಿ ಗುರುತು ಇಟ್ಟುಕೊಳ್ಳಿ. ಹಳೆಯ ಚಿತ್ರದ ಮುದ್ರಿತ ಪ್ರತಿ ಚೀಲದಲ್ಲಿರಲಿ.

ಹೊಸ ಬೆಂಕಿಯ ಜಾಗವಾದರೆ ದಾರಿ ತೆರೆದ ದಿನ, ನಂತರ 3, 6, 12, 24 ತಿಂಗಳಿಗೆ, ಅಲ್ಲಿಂದ ವರ್ಷಕ್ಕೊಮ್ಮೆ. ಹಳೆಯದಾದರೆ ವರ್ಷಕ್ಕೊಮ್ಮೆ, ಅದೇ ತಿಂಗಳು, ಅದೇ ಹೊತ್ತು, ಸಾಧ್ಯವಾದಷ್ಟು ಮೋಡದ ದಿನ. ಬಿಸಿಲಿನ ಒಂದು, ಮೋಡದ ಒಂದು ಚಿತ್ರ ಪಕ್ಕಪಕ್ಕ ಇಟ್ಟರೆ ಬದಲಾದದ್ದು ಗಿಡವೋ ಬೆಳಕೋ ತಿಳಿಯುವುದಿಲ್ಲ. ಹೆಸರು ಗೊತ್ತಾಗದ ಚಿಗುರು, ಹೂಗಳನ್ನು ಜೀವಿಗಳ ಚಿತ್ರ ದಾಖಲಿಸುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಏರಿಸಿ. 2020ರಲ್ಲಿ ಸುಟ್ಟ ಜಾಗಗಳ ಚೇತರಿಕೆಯನ್ನು ದಾಖಲಿಸಲು ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದವರು ಅಲ್ಲಿ ‘ಎನ್ವಿರಾನ್‌ಮೆಂಟ್ ರಿಕವರಿ ಪ್ರಾಜೆಕ್ಟ್’ ತೆರೆದಾಗ ಬಂದ ಚಿತ್ರಗಳು ಸಾಮಾನ್ಯ ನಡಿಗೆಯವರದೇ. ಗಿಡದ ಗುರುತಿಗೆ ಮೂರು ಚಿತ್ರ ಬೇಕು: ಪೂರ್ತಿ ಗಿಡ, ಎಲೆ, ಮತ್ತು ಚಿಗುರು ಬುಡದಿಂದ ಬಂದಿದೆಯೋ ಕಾಂಡದಿಂದಲೋ ಬೀಜದಿಂದಲೋ ಎಂದು ತೋರಿಸುವ ಒಂದು.

ಮನೆಗೆ ಬಂದ ಮೇಲೆ

ಟ್ರೈಪಾಡ್ ಕಾಲುಗಳನ್ನು ಬಿಚ್ಚಿ ಸಾದಾ ನೀರಿನಲ್ಲಿ ತೊಳೆದು ಒಣಗಿಸಿ. ಇದ್ದಿಲು ತಾಗಿದ ಬಟ್ಟೆಯನ್ನು ಹೊರಗೆ ಕೊಡವಿ ಬೇರೆಯಾಗಿ ಒಗೆಯಿರಿ. ಸೆನ್ಸರ್ ಶುಚಿ ನೋಡಲು ಎಫ್ 22ರಲ್ಲಿ ಬಿಳಿ ಗೋಡೆಯ ಒಂದು ಚಿತ್ರ ತೆಗೆದರೆ ಸಾಕು.

ಎಡಿಟಿಂಗ್‌ನಲ್ಲಿ ಇದ್ದಿಲಿನ ನೆರಳನ್ನು ಎತ್ತಿ ಬೂದು ಮಾಡಬೇಡಿ. ಅತಿ ಕಪ್ಪಿನ ಜಾಗದಲ್ಲಿ ತೊಗಟೆಯ ಚೌಕಗಳು ಕಾಣುವಷ್ಟು ಮಾತ್ರ. ಹಸಿರಿನ ಸ್ಯಾಚುರೇಶನ್ ಹೆಚ್ಚಿಸಿದರೆ ಬ್ಲೂ ಮೌಂಟನ್ಸ್ ಕೊಡಗಿನಂತಾಗುತ್ತದೆ. ಇಲ್ಲಿನ ಹಸಿರಿನಲ್ಲಿ ಬೂದಿಯೂ ನೀಲಿಯೂ ಬೆರೆತಿವೆ, ಅದು ಹಾಗೇ ಇರಲಿ. ಇಡೀ ಚಿತ್ರ ಕಪ್ಪುಬಿಳುಪು ಮಾಡಿ ಚಿಗುರಿಗೆ ಮಾತ್ರ ಬಣ್ಣ ಬಿಡುವ ತಂತ್ರ ನಮಗೆ ಒಪ್ಪಿಗೆಯಿಲ್ಲ. ಸುಟ್ಟ ತೊಗಟೆಯಲ್ಲೇ ಕಂದು, ನೇರಳೆ, ಬೆಳ್ಳಿಯ ಛಾಯೆಗಳಿರುವಾಗ ಅದು ಕಾಡಿನ ಮೇಲೆ ಹೇಳುವ ಸುಳ್ಳು. ಪೂರ್ತಿ ಕಪ್ಪುಬಿಳುಪು ಬೇಕಿದ್ದರೆ ಕೆಂಪು ಸ್ಲೈಡರ್ ಏರಿಸಿ, ಚಿಗುರು ಇದ್ದಿಲಿನ ಮೇಲೆ ದೀಪದಂತೆ ಏಳುತ್ತದೆ.

ಫೈಲಿನ ಹೆಸರಿನಲ್ಲೇ ಜಾಗ, ದಿನಾಂಕ, ದಿಕ್ಕು, ಬೆಂಕಿಯ ವರ್ಷ ಬರೆಯಿರಿ: ‘ಮೌಂಟ್‌ಬ್ಯಾಂಕ್ಸ್_ಏಣು2_2025-09-14_ದಕ್ಷಿಣ160_ಬೆಂಕಿ2019’. ನಿಂತ ಜಾಗದ ಫೋನ್ ಚಿತ್ರವೊಂದನ್ನು, ಟ್ರೈಪಾಡಿನ ಕಾಲುಗಳು ಎಲ್ಲಿದ್ದವು ಎಂದು ಕಾಣುವಂತೆ ತೆಗೆದದ್ದನ್ನು, ಅದೇ ಫೋಲ್ಡರಿಗೆ ಹಾಕಿ. ಮುಂದಿನ ಸೆಪ್ಟೆಂಬರ್‌ನಲ್ಲಿ ಪೊದೆ ಇನ್ನೊಂದು ಗೇಣು ಬೆಳೆದು ಗುರುತು ಮುಚ್ಚಿದಾಗ ಜಾಗ ಹುಡುಕಿಕೊಡುವುದು ಆ ಚಿತ್ರವೇ.